ಹಿಡಿತ ತಪ್ಪಿದ ಚಕ್ರ



ಮೋಟಾರು ಗಾಡಿಯನ್ನು ನಡೆಸುವ ವಿದ್ಯೆಯಲ್ಲಿ ಎಲ್ಲರೂ ಬಲ್ಲ ಭಾಗವೊಂದು, ಬಹು ಮಂದಿ ಅರಿಯದ ಭಾಗವೊಂದು ಉಂಟು. ಗೇರು ಬದಲಾಯಿಸುವುದು, ಕ್ಲಚ್ಚನ್ನು ಮೆಲ್ಲಗೆ ಬಿಡುವುದು, ಎದುರಿನ ಗಾಡಿಗೆ ದಾರಿ ಕೊಡುವುದು, ಇವೆಲ್ಲ ದಿನದಿನದ ಅಭ್ಯಾಸದಿಂದ ಕೈಗೂಡುವ ಸಂಗತಿಗಳು. ಆದರೆ ಮಳೆಯಿಂದ ನೆನೆದ ರಸ್ತೆಯ ತಿರುವಿನಲ್ಲಿ, ಸ್ಟಿಯರಿಂಗ್ ಚಕ್ರವನ್ನು ತಿರುಗಿಸಿದರೂ ಗಾಡಿ ತಿರುಗದೆ ನೆಟ್ಟಗೆ ಹೋಗತೊಡಗಿದರೆ ಏನು ಮಾಡತಕ್ಕದ್ದು? ಗಾಡಿಯ ಹಿಂಭಾಗವು ಪಕ್ಕಕ್ಕೆ ಜಾರಿ, ಮೂತಿಯು ಬೆಟ್ಟದ ಗೋಡೆಯ ಕಡೆಗೆ ತಿರುಗಿಬಿಟ್ಟರೆ ಏನು ಮಾಡತಕ್ಕದ್ದು? ಹತ್ತಾರು ವರ್ಷ ಗಾಡಿ ನಡೆಸಿದವರಿಗೂ ಇಂಥ ಸಂದರ್ಭ ಒಮ್ಮೆಯೂ ಒದಗದೆ ಇರಬಹುದು. ಒದಗಿದಾಗ ಯೋಚನೆಗೆ ಸಿಕ್ಕುವ ಕಾಲವು ಒಂದೆರಡು ಸೆಕೆಂಡುಗಳಿಗಿಂತ ಹೆಚ್ಚಿರುವುದಿಲ್ಲ. ಆದುದರಿಂದ ಆ ಯೋಚನೆಯನ್ನು ಮನೆಯಲ್ಲಿ ಸಾವಕಾಶವಾಗಿ ಕುಳಿತು ಮುಂಚಿತವಾಗಿಯೇ ಮಾಡಿಕೊಳ್ಳುವುದು ಒಳ್ಳೆಯದು. ಈ ಹೊತ್ತಿನ ನನ್ನ ಭಾಷಣದ ಉದ್ದೇಶ ಇಷ್ಟೇ.

ವಿಷಯವು ಸಣ್ಣದೆಂದು ಯಾರೂ ಭಾವಿಸಲಾಗದು. ಸರ್ಕಾರದ ಲೆಕ್ಕದಂತೆ ೨೦೨೨ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನ ಪ್ರಾಣ ಕಳೆದುಕೊಂಡರು. ಇವುಗಳಿಗೆಲ್ಲ ಜಾರುವಿಕೆಯೊಂದೇ ಕಾರಣವಲ್ಲ, ನಿಜ. ಆದರೆ ಜಾರುವಿಕೆಗೆ ಒಂದು ವಿಶೇಷವಿದೆ. ಆ ಸಮಯದಲ್ಲಿ ಮನುಷ್ಯನ ಕೈಕಾಲುಗಳು ತಾವಾಗಿಯೇ ಮಾಡುವ ಕೆಲಸವು ಬಹುಮಟ್ಟಿಗೆ ಮಾಡಬಾರದ ಕೆಲಸವೇ ಆಗಿರುತ್ತದೆ. ಹೆದರಿದವನು ಬ್ರೇಕನ್ನು ಬಲವಾಗಿ ತುಳಿಯುತ್ತಾನೆ. ಚಕ್ರವನ್ನು ಇನ್ನಷ್ಟು ತಿರುಗಿಸುತ್ತಾನೆ. ಎರಡೂ ಅಪಾಯವನ್ನು ಹೆಚ್ಚಿಸಬಲ್ಲವು. ಹೀಗೇಕೆ ಎಂಬುದು ಅರ್ಥವಾದರೆ, ಮಾಡಬೇಕಾದುದು ಏನೆಂಬುದು ತಾನಾಗಿಯೇ ಹೊಳೆಯುತ್ತದೆ.

ಮೊದಲು ಗಾಡಿಗೂ ನೆಲಕ್ಕೂ ಇರುವ ಸಂಬಂಧವನ್ನು ನೋಡೋಣ. ಸುಮಾರು ೧೨೦೦ ಕಿಲೋಗ್ರಾಂ ತೂಕದ ಒಂದು ಸಾಧಾರಣ ಕಾರನ್ನು ತೆಗೆದುಕೊಳ್ಳಿ. ಅದರ ಟೈರುಗಳಲ್ಲಿರುವ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ ಎರಡು ಕಿಲೋಗ್ರಾಮಿಗಿಂತ ತುಸು ಹೆಚ್ಚು. ತೂಕವನ್ನು ಒತ್ತಡದಿಂದ ಭಾಗಿಸಿದರೆ, ನಾಲ್ಕು ಟೈರುಗಳೂ ಸೇರಿ ನೆಲವನ್ನು ಮುಟ್ಟುವ ಜಾಗವು ಸುಮಾರು ೫೫೦ ಚದರ ಸೆಂಟಿಮೀಟರು ಎಂದಾಗುತ್ತದೆ. ಎಂದರೆ ಒಂದೊಂದು ಟೈರು ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು ಅಗಲದಲ್ಲಿ ಮಾತ್ರ. ಅಷ್ಟು ದೊಡ್ಡ ಯಂತ್ರ, ಅದರೊಳಗೆ ಕುಳಿತ ನಾಲ್ಕೈದು ಮಂದಿ, ಅವರ ಸಾಮಾನು, ಎಲ್ಲವೂ ನಾಲ್ಕು ಅಂಗೈಗಳ ಆಧಾರದ ಮೇಲೆ ಓಡುತ್ತಿರುತ್ತವೆ. ಎಂಜಿನ್ನು ಎಷ್ಟೇ ಬಲವಾಗಿರಲಿ, ಬ್ರೇಕು ಎಷ್ಟೇ ಚುರುಕಾಗಿರಲಿ, ಅವುಗಳ ಕೆಲಸವೆಲ್ಲ ಈ ನಾಲ್ಕು ಅಂಗೈಗಳ ಮೂಲಕವೇ ನಡೆಯತಕ್ಕದ್ದು. ಬೇರೆ ದಾರಿಯಿಲ್ಲ.

ಇನ್ನು ತಿರುವಿನ ಮಾತು. ಓಡುತ್ತಿರುವ ವಸ್ತುವೊಂದು ತನ್ನಷ್ಟಕ್ಕೆ ಬಿಟ್ಟರೆ ನೆಟ್ಟಗೆ ಹೋಗುತ್ತದೆಯೇ ಹೊರತು ತಾನಾಗಿ ತಿರುಗುವುದಿಲ್ಲ. ಅದನ್ನು ತಿರುಗಿಸಬೇಕಾದರೆ ತಿರುವಿನ ಒಳಬದಿಗೆ ಎಳೆಯುವ ಬಲವೊಂದು ಬೇಕು. ದಾರಕ್ಕೆ ಕಲ್ಲು ಕಟ್ಟಿ ತಿರುಗಿಸುವಾಗ ದಾರವು ಆ ಬಲವನ್ನು ಕೊಡುತ್ತದೆ. ಗಾಡಿಗೆ ಅದನ್ನು ಕೊಡುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ದಾರ ಹರಿದರೆ ಕಲ್ಲು ಹೊರಕ್ಕೆ ಹಾರುವಂತೆ, ಘರ್ಷಣೆ ಸಾಲದೆ ಹೋದರೆ ಗಾಡಿ ತಿರುವನ್ನು ಬಿಟ್ಟು ಹೊರಕ್ಕೆ ಸರಿಯುತ್ತದೆ.

ಬೇಕಾದ ಬಲವು ಎಷ್ಟೆಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಇಪ್ಪತ್ತು ಮೀಟರು ತ್ರಿಜ್ಯವಿರುವ ಒಂದು ಘಾಟಿಯ ತಿರುವನ್ನು ಕಲ್ಪಿಸಿಕೊಳ್ಳಿ. ಗಾಡಿಯು ಗಂಟೆಗೆ ೨೫ ಕಿಲೋಮೀಟರು ವೇಗದಲ್ಲಿ ಅದನ್ನು ಸುತ್ತುವುದಾದರೆ, ಗಾಡಿಯ ತೂಕದ ಸುಮಾರು ಕಾಲುಭಾಗದಷ್ಟು ಬಲ ಪಕ್ಕದಿಂದ ಒದಗಬೇಕು. ವೇಗವು ೩೬ ಕಿಲೋಮೀಟರಾದರೆ ತೂಕದ ಅರ್ಧದಷ್ಟು ಬೇಕು. ೫೦ ಕಿಲೋಮೀಟರಾದರೆ ಗಾಡಿಯ ಇಡೀ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ಬಲವೇ ಬೇಕಾಗುತ್ತದೆ. ವೇಗವು ಇಮ್ಮಡಿಯಾದರೆ ಬಲವು ನಾಲ್ಮಡಿ ಬೇಕೆಂಬುದು ಇಲ್ಲಿಯ ನಿಯಮ. ಈಗ ರಸ್ತೆ ಎಷ್ಟು ಕೊಡಬಲ್ಲದೆಂದು ನೋಡಿ. ಒಣಗಿದ ಒಳ್ಳೆಯ ಟಾರು ರಸ್ತೆಯು ತೂಕದ ಮುಕ್ಕಾಲುಪಾಲಿನಷ್ಟು ಹಿಡಿತವನ್ನು ಕೊಡಬಹುದು. ಅದೇ ರಸ್ತೆ ನೆನೆದರೆ ಅರ್ಧಕ್ಕೂ ಕಡಿಮೆಯಾಗಬಹುದು. ಟೈರು ಸವೆದಿದ್ದರೆ, ಕೆಸರಿದ್ದರೆ ಇನ್ನೂ ಕಡಿಮೆ. ಬೇಸಗೆಯಲ್ಲಿ ಯಾವ ತೊಂದರೆಯೂ ಇಲ್ಲದೆ ೩೬ ಕಿಲೋಮೀಟರಿನಲ್ಲಿ ಸುತ್ತಿದ ತಿರುವೇ, ಆಷಾಢದ ಮಳೆಯಲ್ಲಿ ಅದೇ ವೇಗದಲ್ಲಿ ಬಂದವನನ್ನು ಹೊರಕ್ಕೆ ನೂಕಿಬಿಡಬಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತಿರುವು ಬದಲಾಗಲಿಲ್ಲ, ಗಾಡಿ ಬದಲಾಗಲಿಲ್ಲ. ಬದಲಾದುದು ರಸ್ತೆಯ ಕೊಡುಗೈ ಮಾತ್ರ.

ಈಗ ವಿಷಯದ ಮರ್ಮಕ್ಕೆ ಬರುತ್ತೇನೆ. ಟೈರಿನ ಹಿಡಿತವನ್ನು ಬಯಸುವ ಕೆಲಸಗಳು ಮೂರು: ಗಾಡಿಯನ್ನು ಮುಂದಕ್ಕೆ ನೂಕುವುದು, ಅದನ್ನು ತಡೆಯುವುದು, ಅದನ್ನು ತಿರುಗಿಸುವುದು. ಇವು ಮೂರಕ್ಕೂ ಬೇರೆ ಬೇರೆ ಭಂಡಾರಗಳಿಲ್ಲ. ಇರುವುದು ಒಂದೇ ಚೀಲ. ತಿಂಗಳ ಮೊದಲ ದಿನ ಬರುವ ಸಂಬಳದಲ್ಲಿಯೇ ಮನೆಯ ಬಾಡಿಗೆ, ಅಕ್ಕಿಬೇಳೆ, ಮಕ್ಕಳ ಫೀಜು ಎಲ್ಲವನ್ನೂ ತೂಗಿಸಬೇಕಾದ ಗೃಹಸ್ಥನ ಸ್ಥಿತಿಯೇ ಟೈರಿನ ಸ್ಥಿತಿಯೂ ಹೌದು. ಒಂದು ಬಾಬಿಗೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಉಳಿಯುವುದು ಕಡಿಮೆ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಅಧ್ಯಾಪಕರಾಗಿದ್ದ ವುನಿಬಾಲ್ಡ್ ಕಾಮ್ ಎಂಬ ಎಂಜಿನಿಯರರ ಹೆಸರಿನಿಂದ ಈ ತತ್ತ್ವವನ್ನು ತೋರಿಸುವ ಒಂದು ವೃತ್ತಚಿತ್ರವು ಪ್ರಸಿದ್ಧವಾಗಿದೆ. ವೃತ್ತದ ಕೇಂದ್ರದಿಂದ ಮೇಲಕ್ಕೂ ಕೆಳಕ್ಕೂ ವೇಗವರ್ಧನೆ ಮತ್ತು ಬ್ರೇಕು. ಎಡಕ್ಕೂ ಬಲಕ್ಕೂ ತಿರುವು. ಒಟ್ಟು ಬಲವು ಯಾವ ದಿಕ್ಕಿನಲ್ಲಿದ್ದರೂ ವೃತ್ತದ ಗೆರೆಯನ್ನು ದಾಟಲಾಗದು.

ಇದರ ಲೆಕ್ಕವು ನಾವೆಲ್ಲ ಶಾಲೆಯಲ್ಲಿ ಕಲಿತ ಲಂಬತ್ರಿಕೋನದ ಲೆಕ್ಕವೇ. ಒಟ್ಟು ಹಿಡಿತವು ನೂರು ಪಾಲು ಎಂದಿಟ್ಟುಕೊಳ್ಳಿ. ತಿರುವಿಗೆ ಅರವತ್ತು ಪಾಲು ಖರ್ಚಾದರೆ ಬ್ರೇಕಿಗೆ ಎಂಬತ್ತು ಪಾಲು ಉಳಿಯುತ್ತದೆ. ತಿರುವಿಗೆ ಎಂಬತ್ತಾದರೆ ಬ್ರೇಕಿಗೆ ಅರವತ್ತು. ಇಲ್ಲಿಯವರೆಗೆ ಟೈರು ಉದಾರಿಯಾಗಿಯೇ ನಡೆದುಕೊಳ್ಳುತ್ತದೆ. ಆದರೆ ತಿರುವಿಗೇ ನೂರೂ ಖರ್ಚಾದರೆ ಬ್ರೇಕಿಗೆ ಉಳಿಯುವುದು ಸೊನ್ನೆ. ಆಗ ಬ್ರೇಕನ್ನು ಒಂದಿಷ್ಟು ಮುಟ್ಟಿದರೂ ಆ ಖರ್ಚನ್ನು ತಿರುವಿನ ಬಾಬಿನಿಂದಲೇ ಕಿತ್ತುಕೊಳ್ಳಬೇಕಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಸಂಸಾರಕ್ಕೆ ಹೇಳಿದ ಬುದ್ಧಿಮಾತು, ಟೈರಿಗೆ ಅಕ್ಷರಶಃ ಸಲ್ಲುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ತಿರುವಿನಲ್ಲಿ ಟೈರು ತಾನು ಮುಖಮಾಡಿರುವ ದಿಕ್ಕಿಗೆ ಸರಿಯಾಗಿ ಉರುಳುವುದಿಲ್ಲ. ಕೆಲವು ಅಂಶಗಳಷ್ಟು ಓರೆಯಾಗಿ ಸರಿಯುತ್ತಲೇ ಉರುಳುತ್ತದೆ. ರಬ್ಬರು ಹೀಗೆ ತುಸು ಬಾಗಿ ಎಳೆಯಲ್ಪಟ್ಟಾಗಲೇ ಪಕ್ಕದ ಬಲ ಹುಟ್ಟುವುದು. ಈ ಓರೆಯು ಹೆಚ್ಚಿದಷ್ಟೂ ಬಲವು ಒಂದು ಎಲ್ಲೆಯವರೆಗೆ ಹೆಚ್ಚುತ್ತದೆ. ಆ ಎಲ್ಲೆ ದಾಟಿದ ಮೇಲೆ ಬಲವು ಹೆಚ್ಚುವುದಿಲ್ಲ. ನೆನೆದ ರಸ್ತೆಯಲ್ಲಿ ಕಡಿಮೆಯೇ ಆಗುತ್ತದೆ. ಆದುದರಿಂದ ಜಾರಲು ತೊಡಗಿದ ಮುಂದಿನ ಚಕ್ರಗಳನ್ನು ಇನ್ನಷ್ಟು ತಿರುಗಿಸಿದರೆ ಗಾಡಿ ಇನ್ನಷ್ಟು ತಿರುಗೀತೆಂದು ಎಣಿಸುವುದು ತಪ್ಪು. ಖಾಲಿಯಾದ ಚೀಲಕ್ಕೆ ಮತ್ತೆ ಮತ್ತೆ ಕೈಹಾಕಿದರೆ ಏನು ಸಿಕ್ಕೀತು?

ಜಾರುವಿಕೆಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಮುಂದಿನ ಚಕ್ರಗಳ ಜಾರು. ನೀವು ಚಕ್ರವನ್ನು ಎಡಕ್ಕೆ ತಿರುಗಿಸಿದ್ದೀರಿ. ಗಾಡಿ ಮಾತ್ರ ನೆಟ್ಟಗೆ, ತಿರುವಿನ ಹೊರ ಅಂಚಿನ ಕಡೆಗೆ ಸಾಗುತ್ತಿದೆ. ಕೈಯಲ್ಲಿ ಸ್ಟಿಯರಿಂಗು ಇದ್ದಕ್ಕಿದ್ದಂತೆ ಹಗುರವಾದಂತೆ ತೋರುವುದು ಇದರ ಮೊದಲ ಸೂಚನೆ. ಇಲ್ಲಿ ಮಾಡಬೇಕಾದುದು, ಟೈರಿನಿಂದ ಕೇಳುವುದನ್ನು ಕಡಿಮೆ ಮಾಡುವುದು. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆಯಿರಿ. ಚಕ್ರವನ್ನು ಇನ್ನೂ ತಿರುಗಿಸುವುದಕ್ಕೆ ಬದಲಾಗಿ ತುಸು ನೇರದ ಕಡೆಗೆ ಬಿಡಿರಿ. ಗಾಡಿಯ ವೇಗ ಇಳಿದು, ಭಾರವು ಮುಂದಕ್ಕೆ ಬಂದು, ಮುಂಚಕ್ರಗಳು ಮತ್ತೆ ನೆಲವನ್ನು ಕಚ್ಚುತ್ತವೆ. ಆಗ ಪುನಃ ಮೃದುವಾಗಿ ತಿರುಗಿಸಿರಿ. ಗಾಡಿ ಕಮರಿಯ ಕಡೆಗೆ ಹೋಗುತ್ತಿರುವಾಗ ಚಕ್ರವನ್ನು ಆ ಕಡೆಗೇ ತುಸು ಬಿಡಬೇಕೆಂದರೆ ಮನಸ್ಸು ಒಪ್ಪುವುದಿಲ್ಲ. ಆದರೂ ತಿರುಗುವ ಶಕ್ತಿಯನ್ನು ಮರಳಿ ಪಡೆಯುವುದಕ್ಕೆ ಆ ಗಳಿಗೆಯಲ್ಲಿ ಇರುವ ಉಪಾಯ ಅದೊಂದೇ.

ಎರಡನೆಯದು ಹಿಂದಿನ ಚಕ್ರಗಳ ಜಾರು. ಎಡತಿರುವಿನಲ್ಲಿ ಗಾಡಿಯ ಬಾಲವು ಬಲಕ್ಕೆ ಸರಿಯುತ್ತದೆ; ಮೂತಿಯು ಬೇಕಾದುದಕ್ಕಿಂತ ಹೆಚ್ಚಾಗಿ ಎಡಕ್ಕೆ ತಿರುಗುತ್ತದೆ. ಸುಮ್ಮನಿದ್ದರೆ ಗಾಡಿ ಬುಗುರಿಯಂತೆ ಸುತ್ತಿಬಿಡಬಹುದು. ಇಲ್ಲಿ ಬ್ರೇಕು ಬಹಳ ಕೆಟ್ಟ ಸಹಾಯಕ. ಬ್ರೇಕು ತುಳಿದರೆ ಭಾರವೆಲ್ಲ ಮುಂದಕ್ಕೆ ಧಾವಿಸಿ, ಮೊದಲೇ ಜಾರುತ್ತಿರುವ ಹಿಂಚಕ್ರಗಳು ಇನ್ನೂ ಹಗುರವಾಗುತ್ತವೆ. ಮಾಡಬೇಕಾದುದೇನೆಂದರೆ, ಬಾಲವು ಯಾವ ಕಡೆಗೆ ಸರಿಯಿತೋ ಆ ಕಡೆಗೇ ಚಕ್ರವನ್ನು ತಿರುಗಿಸುವುದು. ಬಾಲ ಬಲಕ್ಕೆ ಹೋದರೆ ಚಕ್ರವೂ ಬಲಕ್ಕೆ. ಬಾಯಿಪಾಠ ಮಾಡಿಕೊಳ್ಳಲು ಇನ್ನೂ ಸುಲಭವಾದ ಮಾರ್ಗವೊಂದಿದೆ: ನೀವು ಹೋಗಬೇಕಾದ ದಾರಿಯನ್ನು ನೋಡಿರಿ, ಮುಂಚಕ್ರಗಳನ್ನು ಆ ದಾರಿಯ ಕಡೆಗೆ ತಿರುಗಿಸಿರಿ. ಎದುರಿನ ಮರವನ್ನೇ ದಿಟ್ಟಿಸಿದವನ ಕೈ ಮರದ ಕಡೆಗೇ ಹೋಗುತ್ತದೆ. ಕಣ್ಣು ಹೋದ ಕಡೆಗೆ ಕೈ ಹೋಗುವುದು ಸ್ವಾಭಾವಿಕ. ಇಷ್ಟಾದ ಮೇಲೆ ಕಷ್ಟದ ಭಾಗವೊಂದು ಉಳಿದಿದೆ. ಬಾಲವು ನೆಟ್ಟಗಾಗತೊಡಗಿದ ಕೂಡಲೇ ತಿರುಗಿಸಿದ ಚಕ್ರವನ್ನೂ ಅಷ್ಟೇ ಚುರುಕಾಗಿ ನೇರಕ್ಕೆ ತರಬೇಕು. ತಡಮಾಡಿದರೆ ಬಾಲವು ಎದುರು ದಿಕ್ಕಿಗೆ, ಮೊದಲಿಗಿಂತಲೂ ಜೋರಾಗಿ ಬೀಸುತ್ತದೆ. ಮೊದಲ ಜಾರಿನಿಂದ ಪಾರಾಗಿ ಎರಡನೆಯದರಲ್ಲಿ ಸಿಕ್ಕಿಬೀಳುವವರಿದ್ದಾರೆ.

ಗಾಡಿಯ ಎಂಜಿನ್ನು ಯಾವ ಚಕ್ರಗಳನ್ನು ನಡೆಸುತ್ತದೆಂಬುದನ್ನೂ ಇಲ್ಲಿ ತಿಳಿದಿರಬೇಕು. ಹಿಂದೆ ನಮ್ಮ ರಸ್ತೆಗಳನ್ನು ಆಳಿದ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಎಂಜಿನ್ನು ಹಿಂಚಕ್ರಗಳನ್ನು ನೂಕುತ್ತಿತ್ತು. ಅಂಥ ಗಾಡಿಯಲ್ಲಿ ನೆನೆದ ತಿರುವಿನ ನಡುವೆ ಆಕ್ಸಿಲರೇಟರನ್ನು ಜೋರಾಗಿ ತುಳಿದರೆ ಬಾಲ ಜಾರುವುದು ಸಹಜ. ಕಾಲನ್ನು ಸಡಿಲಿಸುವುದೇ ಮದ್ದಿನ ಮೊದಲ ಭಾಗ. ೧೯೮೩ರಲ್ಲಿ ಬಂದ ಮಾರುತಿ ೮೦೦ ಮುಂಚಕ್ರಗಳಿಂದ ಎಳೆಯಲ್ಪಡುವ ಗಾಡಿ. ಅಲ್ಲಿಂದೀಚೆಗೆ ಸಣ್ಣ ಕಾರುಗಳಲ್ಲಿ ಬಹುತೇಕ ಇದೇ ಏರ್ಪಾಡು ನೆಲೆಯೂರಿತು. ಇಂಥವು ಸಾಮಾನ್ಯವಾಗಿ ಮೂತಿಯಲ್ಲಿ ಜಾರುತ್ತವೆ. ಆದರೆ ವೇಗದಲ್ಲಿ ತಿರುಗುತ್ತಿರುವಾಗ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ಕಿತ್ತರೆ, ಹಿಂಭಾಗ ಹಗುರವಾಗಿ ಇವುಗಳಲ್ಲಿಯೂ ಬಾಲ ಜಾರಬಹುದು. ಆದುದರಿಂದಲೇ ‘ಮೆಲ್ಲಗೆ’ ಎಂಬ ಮಾತನ್ನು ನಾನು ಮತ್ತೆ ಮತ್ತೆ ಹೇಳುತ್ತಿರುವುದು. ನೆನೆದ ರಸ್ತೆಯಲ್ಲಿ ಯಾವುದನ್ನೂ ಥಟ್ಟನೆ ಮಾಡಲಾಗದು.

ಬ್ರೇಕಿನಿಂದ ಚಕ್ರಗಳು ಪೂರ್ತಿ ನಿಂತು ಜಾರುವುದು ಇನ್ನೊಂದು ಬಗೆ. ಉರುಳದ ಚಕ್ರ ಯಾವ ದಿಕ್ಕಿಗೆ ಮುಖಮಾಡಿದ್ದರೂ ಒಂದೇ, ಅದು ತಿರುಗಿಸಲಾರದು. ಹಳೆಯ ಗಾಡಿಗಳಲ್ಲಿ ಇದಕ್ಕೆ ಮದ್ದೆಂದರೆ ಬ್ರೇಕನ್ನು ಸಡಿಲಿಸಿ, ಚಕ್ರವನ್ನು ಉರುಳಗೊಟ್ಟು, ಪುನಃ ತುಳಿಯುವುದು. ಚಾಲಕನ ಕಾಲು ಮಾಡಬೇಕಾಗಿದ್ದ ಈ ಕೆಲಸವನ್ನು ಯಂತ್ರವೇ ಸೆಕೆಂಡಿಗೆ ಹಲವು ಸಲ ಮಾಡುವಂತೆ ಏರ್ಪಡಿಸಿದ್ದು ಆಂಟಿಲಾಕ್ ಬ್ರೇಕು, ಎಂದರೆ ಎ.ಬಿ.ಎಸ್. ಬಾಷ್ ಸಂಸ್ಥೆಯವರು ನಿರ್ಮಿಸಿದ ಇದರ ಎಲೆಕ್ಟ್ರಾನಿಕ್ ರೂಪವು ೧೯೭೮ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂದಿತು. ನಮ್ಮ ದೇಶದಲ್ಲಿ ೨೦೧೯ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು. ಇದಿರುವ ಗಾಡಿಯಲ್ಲಿ ಅಪಾಯ ಬಂದಾಗ ಬ್ರೇಕನ್ನು ಗಟ್ಟಿಯಾಗಿ ತುಳಿದು ಹಾಗೆಯೇ ಹಿಡಿದು, ಚಕ್ರದಿಂದ ದಾರಿಯನ್ನು ಆರಿಸಿಕೊಳ್ಳಬೇಕು. ಪೆಡಲು ಕಾಲಿನ ಕೆಳಗೆ ಗಡಗಡನೆ ನಡುಗುತ್ತದೆ. ಏನೋ ಮುರಿಯಿತೆಂದು ಹೆದರಿ ಕಾಲು ತೆಗೆಯಬಾರದು. ಆದರೆ ಜಲ್ಲಿ ಹರಡಿದ ರಸ್ತೆಯಲ್ಲಿ ಈ ಏರ್ಪಾಡಿದ್ದರೂ ಗಾಡಿ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ, ಹೆಚ್ಚೇ ಆಗಬಹುದೆಂಬುದನ್ನು ಮರೆಯಲಾಗದು.

ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಎಂಬುದು ಇದಕ್ಕಿಂತ ಮುಂದಿನ ಹೆಜ್ಜೆ. ೧೯೯೫ರಲ್ಲಿ ಮೊದಲು ಮಾರಾಟದ ಕಾರುಗಳಿಗೆ ಬಂದ ಈ ಏರ್ಪಾಡು, ಚಾಲಕನು ಚಕ್ರವನ್ನು ಎಷ್ಟು ತಿರುಗಿಸಿದ್ದಾನೆ, ಗಾಡಿ ನಿಜವಾಗಿ ಎಷ್ಟು ತಿರುಗುತ್ತಿದೆ ಎಂಬುದನ್ನು ಎಡೆಬಿಡದೆ ಹೋಲಿಸಿ ನೋಡುತ್ತಿರುತ್ತದೆ. ಮೂತಿ ಜಾರಿದರೆ ತಿರುವಿನ ಒಳಬದಿಯ ಹಿಂಚಕ್ರಕ್ಕೆ, ಬಾಲ ಜಾರಿದರೆ ಹೊರಬದಿಯ ಮುಂಚಕ್ರಕ್ಕೆ ಮಾತ್ರ ಬ್ರೇಕು ಹಾಕಿ ಗಾಡಿಯನ್ನು ದಾರಿಗೆ ತರುತ್ತದೆ. ಒಂದೇ ಚಕ್ರಕ್ಕೆ ಬ್ರೇಕು ಹಾಕುವ ಈ ಕೌಶಲವು ಒಂದೇ ಪೆಡಲಿರುವ ಮನುಷ್ಯನ ಕಾಲಿಗೆ ಸಾಧ್ಯವಿಲ್ಲ. ೧೯೯೭ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ, ದಾರಿಗಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂತೆ ಥಟ್ಟನೆ ತಿರುಗಿಸಿದ ಮರ್ಸಿಡಿಸ್ ಎ-ಕ್ಲಾಸ್ ಕಾರು ಮಗುಚಿಕೊಂಡ ಮೇಲೆ, ಅದರ ತಯಾರಕರು ಈ ಏರ್ಪಾಡನ್ನು ಆ ಸಣ್ಣ ಕಾರಿಗೂ ಅಳವಡಿಸಿದರು. ಇದರಿಂದ ಉಳಿದ ಜೀವಗಳು ಅನೇಕ. ಆದರೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಚೀಲದಲ್ಲಿರುವುದನ್ನು ಜಾಣತನದಿಂದ ಹಂಚುವುದು ಯಂತ್ರಕ್ಕೆ ಸಾಧ್ಯ. ಚೀಲವನ್ನು ತುಂಬುವುದು ಅದಕ್ಕೆ ಸಾಧ್ಯವಿಲ್ಲ. ೨೫ ಕಿಲೋಮೀಟರಿನ ತಿರುವಿಗೆ ೫೦ರಲ್ಲಿ ನುಗ್ಗಿದವನನ್ನು ಯಾವ ಯಂತ್ರವೂ ಕಾಪಾಡಲಾರದು.

ನೀರಿನ ವಿಷಯವಾಗಿಯೂ ಎರಡು ಮಾತು ಹೇಳಬೇಕು. ರಸ್ತೆಯ ಮೇಲೆ ನಿಂತ ನೀರನ್ನು ಪಕ್ಕಕ್ಕೆ ಸಾಗಿಸುವುದಕ್ಕಾಗಿಯೇ ಟೈರಿನ ಮೈಮೇಲೆ ಕಾಲುವೆಗಳನ್ನು ಕೊರೆದಿರುತ್ತಾರೆ. ವೇಗವು ಹೆಚ್ಚಾದಾಗ ನೀರಿಗೆ ಸರಿದುಹೋಗಲು ಪುರಸತ್ತಿಲ್ಲದೆ, ಅದು ಟೈರಿನ ಕೆಳಗೆ ಬೆಣೆಯಂತೆ ಸೇರಿಕೊಂಡು ಗಾಡಿಯನ್ನು ನೆಲದಿಂದ ಮೇಲೆತ್ತುತ್ತದೆ. ಆಗ ಗಾಡಿ ಓಡುವುದಿಲ್ಲ, ತೇಲುತ್ತದೆ. ವಿಮಾನಗಳ ಟೈರುಗಳನ್ನು ಕುರಿತು ಅಮೆರಿಕದ ನಾಸಾ ಸಂಸ್ಥೆಯವರು ೧೯೬೦ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ, ಈ ತೇಲುವಿಕೆಯ ವೇಗವು ಟೈರಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆಂದು ತಿಳಿದುಬಂತು. ಆ ಸೂತ್ರದಂತೆ ೩೦ ಪೌಂಡು ಗಾಳಿಯಿರುವ ಟೈರು ಗಂಟೆಗೆ ಸುಮಾರು ೯೦ ಕಿಲೋಮೀಟರಿನಲ್ಲಿ ತೇಲಬಹುದು. ಗಾಳಿ ೨೦ ಪೌಂಡಿಗೆ ಇಳಿದಿದ್ದರೆ ೭೫ ಕಿಲೋಮೀಟರಿನಲ್ಲಿಯೇ ತೇಲಬಹುದು. ಟೈರು ಸವೆದು ಕಾಲುವೆಗಳು ಮಾಯವಾಗಿದ್ದರೆ ಇನ್ನೂ ಬೇಗ. ಹೊಸ ಟೈರಿನಲ್ಲಿ ಸುಮಾರು ೮ ಮಿಲಿಮೀಟರು ಆಳವಿರುವ ಕಾಲುವೆಯು ೧.೬ ಮಿಲಿಮೀಟರಿಗೆ ಇಳಿದರೆ ಟೈರನ್ನು ಬದಲಾಯಿಸಲೇಬೇಕು. ೨೦೨೩ರಲ್ಲಿ ಪ್ರಾರಂಭವಾದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ನೇರವಾದ ರಸ್ತೆಗಳಲ್ಲಿ ಈ ವೇಗಗಳು ನಿತ್ಯದ ಸಂಗತಿಯಾದುದರಿಂದ ಇದು ನಮಗೆ ದೂರದ ಮಾತಲ್ಲ. ಗಾಡಿ ತೇಲತೊಡಗಿದರೆ ಚಕ್ರವನ್ನು ನೇರವಾಗಿ ಹಿಡಿದು, ಕಾಲನ್ನು ಮೆಲ್ಲಗೆ ತೆಗೆದು, ಬ್ರೇಕು ಮುಟ್ಟದೆ ಕಾಯಬೇಕು. ತೇಲುವಾಗ ಚಕ್ರವನ್ನು ತಿರುಗಿಸಿಟ್ಟರೆ, ಟೈರು ಮತ್ತೆ ನೆಲ ಮುಟ್ಟಿದ ಕ್ಷಣದಲ್ಲಿ ಗಾಡಿ ಆ ಕಡೆಗೆ ಚಿಮ್ಮಿಹೋಗುತ್ತದೆ.

ನಮ್ಮ ನಾಡಿನ ರಸ್ತೆಗಳಲ್ಲಿ ಜಾರುವಿಕೆಗೆ ಬೇರೆ ಕಾರಣಗಳೂ ಉಂಟು. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಎಣ್ಣೆ, ಧೂಳು, ಸವೆದ ರಬ್ಬರು ಕೂಡಿಕೊಂಡಿರುತ್ತವೆ. ಮೊದಲ ಹನಿಮಳೆ ಅವನ್ನು ಕಲಸಿ ಲೇಪದಂತೆ ಮಾಡುತ್ತದೆ. ಭಾರಿ ಮಳೆ ತೊಳೆದ ರಸ್ತೆಗಿಂತ ಮೊದಲ ತುಂತುರಿನ ರಸ್ತೆಯೇ ಹೆಚ್ಚು ಮೋಸಗಾರ. ಮಲೆನಾಡಿನ ಬಿಸಿಲು ಕಾಣದ ತಿರುವುಗಳಲ್ಲಿ ಪಾಚಿ ಕಟ್ಟುತ್ತದೆ. ಕೊಳೆತ ಎಲೆಗಳು ಹರಡಿರುತ್ತವೆ. ಬೆಟ್ಟದಿಂದ ಕೆಸರು ಇಳಿದಿರುತ್ತದೆ. ಮಂಡ್ಯದ ಕಡೆ ಕಬ್ಬಿನ ಗದ್ದೆಗಳಿಂದ ಬಂದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಜೇಡಿಮಣ್ಣನ್ನು ಬಿಟ್ಟುಹೋಗುತ್ತವೆ. ಸುಗ್ಗಿಯ ಕಾಲದಲ್ಲಿ ಮೈದಾನದ ಊರುಗಳ ರಸ್ತೆಗಳ ಮೇಲೆ ರಾಗಿ, ಹುರುಳಿಗಳ ತೆನೆಯನ್ನು ಒಕ್ಕಣೆಗಾಗಿ ಹರಡುವುದನ್ನು ಎಲ್ಲರೂ ಬಲ್ಲರು. ಒಣಗಿದ ಹುಲ್ಲೂ ಉದುರಿದ ಕಾಳೂ ಟೈರಿನ ಕೆಳಗೆ ಗುಂಡುಗಳಂತೆ ಉರುಳುತ್ತವೆ. ಅದರ ಮೇಲೆ ಹೋಗಲೇಬೇಕಾದರೆ ಮುಂಚೆಯೇ ವೇಗವನ್ನು ಇಳಿಸಿ, ಅಲ್ಲಿ ತಿರುಗಿಸುವುದನ್ನೂ ಬ್ರೇಕನ್ನೂ ವರ್ಜಿಸುವುದು ಲೇಸು.

ಘಾಟಿಗಳ ಇಳಿಜಾರಿನಲ್ಲಿ ಈ ಎಲ್ಲ ತತ್ತ್ವಗಳೂ ಒಟ್ಟಿಗೆ ಪರೀಕ್ಷೆಗೆ ಬರುತ್ತವೆ. ಆಗುಂಬೆಯ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಮೈಸೂರಿನಿಂದ ಮಸಿನಗುಡಿಯ ಮಾರ್ಗವಾಗಿ ಊಟಿಗೆ ಹೋಗುವ ಕಲ್ಹಟ್ಟಿಯ ಏರಿನಲ್ಲಿ ಮೂವತ್ತಾರು. ಇಂಥ ಕಡೆ ಬಹುಕಾಲ ಬಸ್ಸು ನಡೆಸಿದವರ ಕ್ರಮವನ್ನು ಗಮನಿಸಿ ನೋಡಿದರೆ, ಭೌತಶಾಸ್ತ್ರದ ಹೆಸರನ್ನೇ ಕೇಳದವರು ಅದನ್ನು ಎಷ್ಟು ಸರಿಯಾಗಿ ಪಾಲಿಸುತ್ತಾರೆಂದು ತಿಳಿಯುತ್ತದೆ. ಏರುವುದಕ್ಕೆ ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕೆಂಬುದು ಅವರ ಹಳೆಯ ನಿಯಮ. ವೇಗವನ್ನು ಅವರು ತಿರುವಿನೊಳಗೆ ಇಳಿಸುವುದಿಲ್ಲ. ತಿರುವಿಗೆ ಮುಂಚಿನ ನೇರ ದಾರಿಯಲ್ಲಿ ಇಳಿಸುತ್ತಾರೆ. ಅಲ್ಲಿ ಬ್ರೇಕಿಗೆ ಚೀಲವೆಲ್ಲ ದೊರೆಯುತ್ತದೆ. ತಿರುವಿನಲ್ಲಿ ತಿರುವಿಗೇ ಎಲ್ಲವೂ ಮೀಸಲು. ತಿರುವು ಮುಗಿದು ಚಕ್ರ ನೇರವಾಗುತ್ತ ಬಂದಂತೆ ವೇಗಕ್ಕೆ ಪಾಲು ಕೊಡುತ್ತಾರೆ. ಒಂದು ಖರ್ಚನ್ನು ತೀರಿಸಿದ ಮೇಲೆ ಇನ್ನೊಂದು. ಒಂದೇ ಗಳಿಗೆಯಲ್ಲಿ ಮೂರೂ ಅಲ್ಲ.

ಹಾಗಾದರೆ ಜಾರಿದ ಗಾಡಿಯನ್ನು ಹಿಡಿಯುವ ವಿದ್ಯೆಯನ್ನು ಎಲ್ಲರಿಗೂ ಕಲಿಸಿಬಿಟ್ಟರೆ ಸಾಕಲ್ಲವೆ ಎಂದು ಯಾರಾದರೂ ಕೇಳಬಹುದು. ಎಂಟು ಹಾಕಿ ತೋರಿಸಿದರೆ ಮುಗಿಯುವ ನಮ್ಮ ಪರೀಕ್ಷೆಯಲ್ಲಿ ಅದಕ್ಕೆ ಸ್ಥಾನವಿಲ್ಲ, ನಿಜ. ಹಿಮದ ನಾಡಾದ ಸ್ವೀಡನ್ನಿನಲ್ಲಿ ಲೈಸೆನ್ಸಿಗೆ ಮುಂಚೆ ಜಾರುನೆಲದ ಮೇಲಿನ ಶಿಕ್ಷಣವು ಕಡ್ಡಾಯ. ಆದರೆ ಈ ವಿಷಯದಲ್ಲಿ ನಾರ್ವೆಯ ಅನುಭವವು ಯೋಚನೆಗೆ ಈಡುಮಾಡುವಂಥದು. ಅಲ್ಲಿ ಇಂಥ ಶಿಕ್ಷಣವನ್ನು ಮೊದಲು ಜಾರಿಗೆ ತಂದಾಗ, ೧೯೮೦ರ ದಶಕದ ಪರಿಶೀಲನೆಯಲ್ಲಿ, ತರುಣ ಗಂಡುಮಕ್ಕಳ ಜಾರು ಅಪಘಾತಗಳು ಇಳಿಯುವುದಕ್ಕೆ ಬದಲಾಗಿ ಏರಿದುದು ಕಂಡುಬಂತು. ಜಾರಿದರೆ ಹಿಡಿಯಬಲ್ಲೆನೆಂಬ ಹೆಮ್ಮೆ ಅವರನ್ನು ಇನ್ನೂ ವೇಗವಾಗಿ ಹೋಗುವಂತೆ ಮಾಡಿತೆಂದು ಅದನ್ನು ಅರ್ಥಮಾಡಿಕೊಂಡರು. ಆ ಮೇಲೆ ಉತ್ತರದ ಆ ದೇಶಗಳಲ್ಲಿ ಶಿಕ್ಷಣದ ಗುರಿಯೇ ಬದಲಾಯಿತು. ಜಾರನ್ನು ಗೆಲ್ಲುವ ಚಮತ್ಕಾರಕ್ಕಿಂತ, ಹಿಡಿತವು ಎಷ್ಟು ಬೇಗ ತಪ್ಪುತ್ತದೆ, ತಪ್ಪಿದ ಮೇಲೆ ನಮ್ಮ ಕೈಯಲ್ಲಿ ಎಷ್ಟು ಕಡಿಮೆ ಉಳಿಯುತ್ತದೆ ಎಂಬುದನ್ನು ಮನಗಾಣಿಸುವುದಕ್ಕೆ ಪ್ರಾಧಾನ್ಯ ಬಂತು.

ಆದುದರಿಂದ ನಾನು ಈವರೆಗೆ ವಿವರಿಸಿದ ಉಪಾಯಗಳನ್ನು ಯಾರೂ ವೇಗಕ್ಕೆ ರಹದಾರಿಯೆಂದು ತಿಳಿಯಬಾರದು. ಮನೆಯಲ್ಲಿ ಔಷಧಿಯಿದೆಯೆಂದು ಯಾರೂ ಜ್ವರವನ್ನು ಬರಮಾಡಿಕೊಳ್ಳುವುದಿಲ್ಲ. ಗಾಡಿಯನ್ನು ತಾವೇ ನಡೆಸದೆ ಹಿಂದಿನ ಸೀಟಿನಲ್ಲಿ ಕುಳಿತು ಪ್ರಯಾಣ ಮಾಡುವವರಿಗೂ ಇಲ್ಲಿ ಒಂದು ಹೊಣೆಯಿದೆ. ಮದುವೆಯ ಮುಹೂರ್ತಕ್ಕೆ ಹೊತ್ತಾಯಿತು, ರೈಲು ತಪ್ಪೀತು ಎಂದು ಚಾಲಕನನ್ನು ಅವಸರಪಡಿಸುವ ಯಜಮಾನನು, ತನಗೆ ಕಾಣದ ಚೀಲದಿಂದ ಖರ್ಚು ಮಾಡುತ್ತಿರುತ್ತಾನೆ. ಸಂಬಳಕ್ಕೆ ದುಡಿಯುವ ಚಾಲಕನು ‘ಆಗದು, ಸ್ವಾಮಿ’ ಎಂದು ಹೇಳುವುದು ಸುಲಭವಲ್ಲ. ಆತನು ತಿರುವಿನ ಮುಂಚೆ ವೇಗ ಇಳಿಸಿದಾಗ ಸುಮ್ಮನಿರುವುದು, ಸಾಧ್ಯವಾದರೆ ‘ನಿಧಾನವಾಗಿಯೇ ಹೋಗಪ್ಪ’ ಎನ್ನುವುದು ನಮ್ಮಿಂದ ಆಗಬೇಕಾದ ಉಪಕಾರ. ಅದು ಆತನಿಗೆ ಮಾತ್ರವಲ್ಲ, ನಮ್ಮ ಮನೆಯವರಿಗೂ, ಎದುರಿನ ದಾರಿಯಲ್ಲಿ ಬರುತ್ತಿರುವ ಅಪರಿಚಿತರಿಗೂ ಮಾಡಿದ ಉಪಕಾರ.

ಮಹಾಶಯರೇ, ಹೇಳಿದುದನ್ನೆಲ್ಲ ಸಂಗ್ರಹಿಸುವುದಾದರೆ ಮೂರೇ ಮಾತು. ಹಿಡಿತವು ತಪ್ಪಿದಾಗ ಟೈರಿನಿಂದ ಹೆಚ್ಚು ಕೇಳಬೇಡಿ, ಕಡಿಮೆ ಕೇಳಿರಿ. ಕಣ್ಣನ್ನು ಅಪಾಯದ ಮೇಲಿಡದೆ, ಹೋಗಬೇಕಾದ ದಾರಿಯ ಮೇಲಿಡಿರಿ. ಇವೆರಡೂ ಬೇಕಾಗದಂತೆ, ತಿರುವಿಗೆ ಮುಂಚೆಯೇ ವೇಗವನ್ನು ಇಳಿಸಿರಿ. ಈ ಮಳೆಗಾಲದಲ್ಲಿ ಘಾಟಿಯನ್ನು ಹತ್ತಿ ಇಳಿಯುವವರು ಹೊರಡುವ ಮುನ್ನ ಒಮ್ಮೆ ಬಗ್ಗಿ, ತಮ್ಮ ಗಾಡಿಯ ನಾಲ್ಕು ಟೈರುಗಳನ್ನೂ ಕೈಯಿಂದ ಸವರಿ, ಕಾಲುವೆಗಳಲ್ಲಿ ಆಳ ಉಳಿದಿದೆಯೇ ಎಂದು ನೋಡಿ, ಗಾಳಿ ಸರಿಯಾಗಿದೆಯೇ ಎಂದು ವಿಚಾರಿಸಿಕೊಂಡು ಹೊರಡುವುದಾದರೆ ನನ್ನ ಈ ಮಾತುಗಳು ಸಾರ್ಥಕವಾದುವೆಂದು ಭಾವಿಸುತ್ತೇನೆ.